ಬೆಲೆ ಎಷ್ಟು ಅಲುಗಾಡೀತು? ಆಪ್ಷನ್ ದರದಿಂದ ಮಾರುಕಟ್ಟೆಯ ನಿರೀಕ್ಷೆಯನ್ನು ಓದುವ ಸಮಗ್ರ ಮಾರ್ಗದರ್ಶಿ

ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳ ಯುವ ನೌಕರರು, ಕುವೆಂಪುನಗರದ ನಿವೃತ್ತ ಅಧ್ಯಾಪಕರು, ಮಂಡ್ಯದ ವಿ.ವಿ. ರಸ್ತೆಯ ವರ್ತಕರು ಹೀಗೆ ನಮ್ಮ ಭಾಗದಲ್ಲಿ ಡಿಮ್ಯಾಟ್ ಖಾತೆ ತೆರೆದ ಅನೇಕರು ಷೇರು ಕೊಳ್ಳುವುದರಿಂದ ಆರಂಭಿಸಿ, ಕೆಲವೇ ತಿಂಗಳಲ್ಲಿ ನಿಫ್ಟಿ ಆಪ್ಷನ್‌ಗಳತ್ತ ಹೊರಳುತ್ತಾರೆ. ಅವರಲ್ಲಿ ಬಹುತೇಕರು ಕೇಳುವುದು ಒಂದೇ ಪ್ರಶ್ನೆ: ಮಾರುಕಟ್ಟೆ ಏರುತ್ತದೋ, ಇಳಿಯುತ್ತದೋ? ಆದರೆ ಆಪ್ಷನ್‌ನ ಪ್ರೀಮಿಯಂನಲ್ಲಿ ಅಡಗಿರುವುದು ಆ ಪ್ರಶ್ನೆಗೆ ಉತ್ತರವಲ್ಲ. ಬೆಲೆ ಯಾವ ದಿಕ್ಕಿಗೆ ಹೋದರೂ ಸರಿ, ಎಷ್ಟು ದೂರ ಹೋದೀತು ಎಂಬ ಅಂದಾಜಿಗೆ ಎಲ್ಲರೂ ಸೇರಿ ಕಟ್ಟಿದ ದರವೇ ಪ್ರೀಮಿಯಂ. ಆ ಅಂದಾಜು ಈಗಾಗಲೇ ದರದಲ್ಲಿ ಸೇರಿಕೊಂಡಿರುವುದರಿಂದ, ಕೊಳ್ಳುವವನಿಗೆ ಲಾಭ ಬರಬೇಕಾದರೆ ಬೆಲೆ ಚಲಿಸಿದರೆ ಸಾಲದು, ಮಾರುಕಟ್ಟೆ ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಚಲಿಸಬೇಕು. ಆ ನಿರೀಕ್ಷೆಯನ್ನು ಅಂಕಿಯಾಗಿ ಓದುವುದು ಹೇಗೆ, ನಡೆದದ್ದರೊಡನೆ ಹೋಲಿಸುವುದು ಹೇಗೆ, ಅದಕ್ಕೆ ತಕ್ಕಂತೆ ಹಣ ತೊಡಗಿಸುವುದು ಅಥವಾ ತೊಡಗಿಸದೆ ಇರುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಎನ್‌ಎಸ್‌ಇ ಜಾಲತಾಣದಲ್ಲಿ ಉಚಿತವಾಗಿ ಸಿಗುವ ಆಪ್ಷನ್ ಚೈನ್ (ಎಲ್ಲ ಆಪ್ಷನ್‌ಗಳ ದರಪಟ್ಟಿ), ಇಂಡಿಯಾ ವಿಕ್ಸ್‌ನ ದಿನದ ಅಂಕಿ (ವಿವರ ಹಂತ 4ರಲ್ಲಿ), ನಿಫ್ಟಿಯ ಕಳೆದ ಒಂದು ತಿಂಗಳ ಮುಕ್ತಾಯ ದರಗಳು, ವರ್ಗಮೂಲದ ಗುಂಡಿ ಇರುವ ಒಂದು ಕ್ಯಾಲ್ಕ್ಯುಲೇಟರ್, ಒಂದು ನೋಟ್‌ಬುಕ್. ಕಾಲ್, ಪುಟ್, ಸ್ಟ್ರೈಕ್, ಎಕ್ಸ್‌ಪೈರಿ ಎಂಬ ಪದಗಳು ಓದುಗರಿಗೆ ಪರಿಚಿತ ಎಂದು ಭಾವಿಸಿದ್ದೇನೆ. ಹೊಸಬರಿಗೆ ಇಷ್ಟು ಸಾಕು: ನಿಗದಿತ ದರಕ್ಕೆ ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್, ಆ ನಿಗದಿತ ದರವೇ ಸ್ಟ್ರೈಕ್, ಹಕ್ಕು ಮುಗಿಯುವ ದಿನ ಎಕ್ಸ್‌ಪೈರಿ. ಲೆಕ್ಕ ಸುಲಭವಾಗಲಿ ಎಂದು ಎಲ್ಲ ಉದಾಹರಣೆಗಳಲ್ಲೂ ನಿಫ್ಟಿ 25,000 ಇದೆ, ಲಾಟ್ ಗಾತ್ರ (ಒಂದು ಕರಾರಿನಲ್ಲಿರುವ ಘಟಕಗಳ ಸಂಖ್ಯೆ) 65 ಎಂದು ಇಟ್ಟುಕೊಂಡಿದ್ದೇನೆ. ಲಾಟ್ ಗಾತ್ರವನ್ನು ಎಕ್ಸ್‌ಚೇಂಜ್ ಆಗಾಗ ಪರಿಷ್ಕರಿಸುವುದರಿಂದ, ವ್ಯವಹರಿಸುವ ದಿನದ ಗಾತ್ರವನ್ನು ನೋಡಿಕೊಂಡೇ ಮುಂದುವರಿಯಬೇಕು.

ಹಂತ 1: ಫ್ಯೂಚರ್ಸ್ ದರವನ್ನು ಭವಿಷ್ಯವಾಣಿ ಎಂದು ಓದದಿರಿ

ನಿಫ್ಟಿ 25,000 ಇರುವಾಗ ಮೂವತ್ತು ದಿನ ಬಾಕಿ ಇರುವ ಫ್ಯೂಚರ್ಸ್ (ಮುಂದಿನ ದಿನಾಂಕದ ಕೊಡುಕೊಳ್ಳುವಿಕೆಗೆ ಇಂದೇ ದರ ಗೊತ್ತುಮಾಡುವ ಕರಾರು) 25,134ಕ್ಕೆ ನಡೆಯುತ್ತಿದ್ದರೆ, ಮಾರುಕಟ್ಟೆ 134 ಅಂಶ ಏರಿಕೆಯನ್ನು ನಿರೀಕ್ಷಿಸುತ್ತಿದೆ ಎಂದು ಹೇಳುವವರಿದ್ದಾರೆ. ಅದು ತಪ್ಪು. ಅಷ್ಟೂ ಷೇರುಗಳನ್ನು ಇಂದೇ ಹಣ ಕೊಟ್ಟು ಕೊಂಡು ಮೂವತ್ತು ದಿನ ಇಟ್ಟುಕೊಂಡರೆ ಆ ಹಣದ ಮೇಲೆ ಬಡ್ಡಿ ಬೀಳುತ್ತದೆ. ಶೇ 6.5ರ ಬಡ್ಡಿಯಲ್ಲಿ 25,000 × 0.065 × 30 ÷ 365 ಎಂದರೆ ಸುಮಾರು 134. ಫ್ಯೂಚರ್ಸ್ ದರ ಇದಕ್ಕಿಂತ ಬಹಳ ಮೇಲಿದ್ದರೆ ಷೇರು ಕೊಂಡು ಫ್ಯೂಚರ್ಸ್ ಮಾರುವವರು ಮುಂದೆ ಬರುತ್ತಾರೆ. ಕೆಳಗಿದ್ದರೆ ಅದರ ವಿರುದ್ಧ ವ್ಯವಹಾರ ನಡೆಯುತ್ತದೆ. ಈ ಎಳೆದಾಟದಿಂದ ದರ ಬಡ್ಡಿಯ ಲೆಕ್ಕದ ಆಸುಪಾಸಿನಲ್ಲೇ ನಿಲ್ಲುತ್ತದೆ. ಕಂಪನಿಗಳು ಹೆಚ್ಚು ಲಾಭಾಂಶ ಹಂಚುವ ತಿಂಗಳುಗಳಲ್ಲಿ ಈ ಅಂತರ ಕುಗ್ಗುತ್ತದೆ, ಏಕೆಂದರೆ ಫ್ಯೂಚರ್ಸ್ ಹಿಡಿದವರಿಗೆ ಲಾಭಾಂಶ ಸಿಗುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಇಷ್ಟೇ: ಫ್ಯೂಚರ್ಸ್ ಮತ್ತು ನಿಫ್ಟಿಯ ಅಂತರವನ್ನು ಬಡ್ಡಿಯ ಲೆಕ್ಕದೊಡನೆ ಹೋಲಿಸಿ, ಹೊಂದಿಕೆಯಾದರೆ ಅದರಿಂದ ದಿಕ್ಕಿನ ಅರ್ಥ ಹುಡುಕುವುದನ್ನು ಬಿಡಿ.

ಹಂತ 2: ಈಗಾಗಲೇ ನಡೆದ ಏರಿಳಿತವನ್ನು ಅಳೆಯಿರಿ

ನಿರೀಕ್ಷೆ ಹೆಚ್ಚೋ ಕಡಿಮೆಯೋ ಎಂದು ಹೇಳಬೇಕಾದರೆ ಒಂದು ಅಳತೆಗೋಲು ಬೇಕು, ಆ ಅಳತೆಗೋಲು ಸದ್ಯದ ದಿನಗಳಲ್ಲಿ ನಿಜವಾಗಿ ನಡೆದ ಏರಿಳಿತ. ಐದು ದಿನಗಳ ಮಾದರಿ ಲೆಕ್ಕವನ್ನು ಕೈಯಿಂದಲೇ ಮಾಡೋಣ. ಮುಕ್ತಾಯ ದರಗಳು ಕ್ರಮವಾಗಿ 25,000, 25,150, 25,020, 25,210, 25,180 ಮತ್ತು 24,990 ಎಂದಿರಲಿ. ಪ್ರತಿದಿನದ ಬದಲಾವಣೆಯನ್ನು ಹಿಂದಿನ ದಿನದ ದರದಿಂದ ಭಾಗಿಸಿದರೆ ಶೇಕಡಾವಾರು ಲೆಕ್ಕದಲ್ಲಿ ಏರಿಕೆ 0.600, ಇಳಿಕೆ 0.517, ಏರಿಕೆ 0.759, ಇಳಿಕೆ 0.119, ಇಳಿಕೆ 0.755 ಎಂದು ಬರುತ್ತದೆ. ಪ್ರತಿಯೊಂದನ್ನೂ ವರ್ಗ ಮಾಡಿ ಕೂಡಿದರೆ ಸುಮಾರು 1.787. ಐದರಿಂದ ಭಾಗಿಸಿದರೆ 0.357. ಅದರ ವರ್ಗಮೂಲ 0.598. ಅಂದರೆ ದಿನಕ್ಕೆ ಸರಾಸರಿ ಶೇ 0.6ರಷ್ಟು ಅಲುಗಾಟ. ವರ್ಷದಲ್ಲಿ ಸುಮಾರು 252 ವಹಿವಾಟಿನ ದಿನಗಳು ಇರುವುದರಿಂದ, ಅದರ ವರ್ಗಮೂಲವಾದ 15.87ರಿಂದ ಗುಣಿಸಿದರೆ ವಾರ್ಷಿಕ ಲೆಕ್ಕದ ಏರಿಳಿತ ಶೇ 9.5.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಾರದ ಆರಂಭದಿಂದ ಕೊನೆಗೆ ನಿಫ್ಟಿ ಕೇವಲ 10 ಅಂಶ ಇಳಿದಿದೆ. ದಿಕ್ಕಿನ ಲೆಕ್ಕದಲ್ಲಿ ಏನೂ ನಡೆದಿಲ್ಲ ಎನ್ನಬಹುದು. ಆದರೂ ಏರಿಳಿತ ಸೊನ್ನೆಯಲ್ಲ. ಒಂದೇ ದಿಕ್ಕಿಗೆ ನಿಧಾನವಾಗಿ ಸಾಗುವ ಮಾರುಕಟ್ಟೆಯಲ್ಲಿ ಏರಿಳಿತ ಕಡಿಮೆ ಇರಬಹುದು, ನಿಂತಲ್ಲೇ ನಿಂತ ಮಾರುಕಟ್ಟೆಯಲ್ಲಿ ಹೆಚ್ಚಿರಬಹುದು. ಈ ಎರಡನ್ನೂ ಮನಸ್ಸಿನಲ್ಲಿ ಬೇರೆ ಬೇರೆಯಾಗಿ ಇಟ್ಟುಕೊಳ್ಳದ ಹೊರತು ಮುಂದಿನ ಯಾವ ಹಂತವೂ ಅರ್ಥವಾಗುವುದಿಲ್ಲ.

ಐದು ದಿನದ ಲೆಕ್ಕ ಕಲಿಯಲಿಕ್ಕೆ ಮಾತ್ರ. ಬಳಕೆಗೆ ಕನಿಷ್ಠ 20 ದಿನಗಳ ಅಂಕಿಗಳನ್ನು ತೆಗೆದುಕೊಳ್ಳಿ, ಅದರ ಪಕ್ಕದಲ್ಲಿ 60 ದಿನಗಳ ಲೆಕ್ಕವನ್ನೂ ಬರೆಯಿರಿ. ಒಂದು ತಿಂಗಳು ಶಾಂತವಾಗಿತ್ತು ಎಂಬ ಒಂದೇ ಕಾರಣಕ್ಕೆ ಏರಿಳಿತ ಕಡಿಮೆ ಎಂದು ತೀರ್ಮಾನಿಸುವುದು ಅವಸರದ ಮಾತು.

ಹಂತ 3: ಆಪ್ಷನ್ ಚೈನ್‌ನಿಂದ ನಿರೀಕ್ಷೆಯನ್ನು ಹೊರತೆಗೆಯಿರಿ

ಈ ಮಾರ್ಗದರ್ಶಿಯ ಜೀವಾಳ ಇದು, ನಿಧಾನವಾಗಿ ಓದಿ. ಎಕ್ಸ್‌ಪೈರಿಗೆ ಏಳು ದಿನ ಇರುವ ನಿಫ್ಟಿ ಆಪ್ಷನ್ ಚೈನ್ ತೆರೆಯಿರಿ. 2025ರ ಸೆಪ್ಟೆಂಬರ್‌ನಿಂದ ನಿಫ್ಟಿಯ ವಾರದ ಎಕ್ಸ್‌ಪೈರಿ ಮಂಗಳವಾರ ನಡೆಯುತ್ತಿರುವುದರಿಂದ, ಹಿಂದಿನ ಮಂಗಳವಾರ ಸಂಜೆಯ ದರಗಳು ಇದಕ್ಕೆ ಅನುಕೂಲ. ನಿಫ್ಟಿಗೆ ಅತಿ ಹತ್ತಿರವಾದ 25,000 ಸ್ಟ್ರೈಕ್‌ನ ಕಾಲ್ 195ಕ್ಕೂ ಪುಟ್ 165ಕ್ಕೂ ನಡೆಯುತ್ತಿವೆ ಎಂದುಕೊಳ್ಳೋಣ.

ಮೊದಲು ಎರಡರ ವ್ಯತ್ಯಾಸ ನೋಡಿ: 195ರಲ್ಲಿ 165 ಕಳೆದರೆ 30. ಕಾಲ್ ದುಬಾರಿ ಇದೆ, ಆದ್ದರಿಂದ ಮಾರುಕಟ್ಟೆ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 25,000ದ ಮೇಲೆ ಶೇ 6.5ರ ದರದಲ್ಲಿ ಏಳು ದಿನದ ಬಡ್ಡಿ ಸುಮಾರು 31. ವ್ಯತ್ಯಾಸ ಪೂರ್ತಿ ಬಡ್ಡಿಯದ್ದೇ. ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ದರಗಳು ಫ್ಯೂಚರ್ಸ್ ದರದ ಮೂಲಕ ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಂಡಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದು ಓಡಿಹೋಗಲಾರದು.

ಇನ್ನು ಎರಡನ್ನೂ ಕೂಡಿ: 360. ಇದೇ ಸ್ಟ್ರಾಡಲ್ ದರ. ಎಕ್ಸ್‌ಪೈರಿಯ ದಿನ ನಿಫ್ಟಿ 25,000ದಿಂದ ಮೇಲಕ್ಕೋ ಕೆಳಕ್ಕೋ ಸರಾಸರಿ ಎಷ್ಟು ದೂರದಲ್ಲಿ ನಿಂತೀತು ಎಂಬುದಕ್ಕೆ ಮಾರುಕಟ್ಟೆ ಕಟ್ಟಿರುವ ದರ 360 ಅಂಶ. ಕೊಂಡವನಿಗೆ ಅಸಲು ಕೈಸೇರಬೇಕಾದರೆ ನಿಫ್ಟಿ 25,360ರ ಮೇಲೆ ಅಥವಾ 24,640ರ ಕೆಳಗೆ ಮುಗಿಯಬೇಕು. ಸರಾಸರಿ ದೂರವನ್ನು ಸಂಖ್ಯಾಶಾಸ್ತ್ರದ ಸ್ಟ್ಯಾಂಡರ್ಡ್ ಡೀವಿಯೇಷನ್‌ಗೆ ಬದಲಿಸಲು 0.8ರಿಂದ ಭಾಗಿಸಿ: 450 ಅಂಶ, ಅಂದರೆ ವಾರಕ್ಕೆ ಶೇ 1.8. ವರ್ಷದ 52 ವಾರಗಳ ವರ್ಗಮೂಲ 7.21ರಿಂದ ಗುಣಿಸಿದರೆ ಶೇ 13. ಆಪ್ಷನ್ ಚೈನ್‌ನಲ್ಲಿ ಐವಿ (ಇಂಪ್ಲೈಡ್ ವೊಲಟಿಲಿಟಿ, ದರದಲ್ಲಿ ಅಡಗಿದ ಏರಿಳಿತ) ಎಂಬ ಕಾಲಂನಲ್ಲಿ ಕಾಣುವ ಅಂಕಿ ಹೆಚ್ಚು ಕಡಿಮೆ ಇದೇ ಆಗಿರಬೇಕು. 1973ರಲ್ಲಿ ಫಿಷರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ ಪ್ರಕಟಿಸಿದ ಸೂತ್ರವನ್ನು ಹಿಂದುಮುಂದಾಗಿ ಓಡಿಸಿ, ದರದಿಂದ ಏರಿಳಿತವನ್ನು ಹೊರತೆಗೆಯುವುದೇ ಐವಿ. ಆ ಸೂತ್ರಕ್ಕೆ ಬೇಕಾದ ಸ್ಟ್ರೈಕ್, ಸದ್ಯದ ದರ, ಉಳಿದ ದಿನ, ಬಡ್ಡಿ ಈ ನಾಲ್ಕೂ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಐದನೆಯದು ಮುಂದಿನ ಏರಿಳಿತ, ಅದಕ್ಕಾಗಿಯೇ ವ್ಯಾಪಾರ ನಡೆಯುತ್ತಿರುವುದು.

ಈಗ ಎರಡು ಅಂಕಿಗಳು ನಿಮ್ಮ ಕೈಯಲ್ಲಿವೆ: ನಡೆದದ್ದು ಶೇ 9.5, ನಿರೀಕ್ಷಿತ ಶೇ 13. ನಿರೀಕ್ಷೆ ಹೆಚ್ಚಿದೆ, ಆದ್ದರಿಂದ ಆಪ್ಷನ್ ದುಬಾರಿ, ಮಾರಿದರೆ ಲಾಭ ಎಂಬ ತೀರ್ಮಾನಕ್ಕೆ ತಕ್ಷಣ ಬರಬಾರದು. ಸಾಮಾನ್ಯ ದಿನಗಳಲ್ಲಿ ನಿರೀಕ್ಷಿತ ಏರಿಳಿತವು ನಡೆದದ್ದಕ್ಕಿಂತ ಸ್ವಲ್ಪ ಮೇಲೆಯೇ ಇರುವುದು ವಾಡಿಕೆ. ಮಾರಿದವನು ಅಪರೂಪದ ದೊಡ್ಡ ನಷ್ಟವನ್ನು ಹೊರಲು ಒಪ್ಪಿಕೊಂಡದ್ದಕ್ಕೆ ಪಡೆಯುವ ಕೂಲಿ ಅದು. ವ್ಯತ್ಯಾಸ ಇದೆಯೇ ಎಂದು ಕೇಳುವ ಬದಲು, ಈಗಿನ ವ್ಯತ್ಯಾಸ ಎಂದಿನದಕ್ಕಿಂತ ಬೇರೆಯಾಗಿದೆಯೇ ಎಂದು ಕೇಳಬೇಕು. ಅದಕ್ಕೆ ಕೆಲವು ತಿಂಗಳ ನಿಮ್ಮದೇ ದಾಖಲೆ ಬೇಕು. ಆ ದಾಖಲೆಯ ವಿಷಯ ಕೊನೆಯ ಹಂತದಲ್ಲಿದೆ.

ಕಾಲದ ಪರಿಣಾಮವನ್ನೂ ಇದೇ ಅಂಕಿಗಳಿಂದ ತಿಳಿಯಬಹುದು. ಐವಿ ಶೇ 13 ಇರುವಾಗ 28 ದಿನ ಬಾಕಿ ಇರುವ ಸ್ಟ್ರಾಡಲ್ ಸುಮಾರು 720, ಏಳು ದಿನ ಬಾಕಿ ಇರುವುದು 360. ದಿನಗಳು ನಾಲ್ಕನೇ ಒಂದಕ್ಕೆ ಇಳಿದರೂ ದರ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಮೊದಲ ಮೂರು ವಾರದಲ್ಲಿ ಕರಗುವಷ್ಟೇ ಮೌಲ್ಯ ಕೊನೆಯ ಒಂದು ವಾರದಲ್ಲಿ ಕರಗುತ್ತದೆ. ಅಗ್ಗ ಎಂದು ಕೊನೆಯ ವಾರದ ಆಪ್ಷನ್ ಕೊಳ್ಳುವವರು ಈ ಕರಗುವಿಕೆಯ ಅತಿ ಕಡಿದಾದ ಭಾಗವನ್ನೇ ಕೊಳ್ಳುತ್ತಿರುತ್ತಾರೆ.

ಹಂತ 4: ಇಂಡಿಯಾ ವಿಕ್ಸ್‌ ಅನ್ನು ದಿನದ ಅಂಕಿಗೆ ಇಳಿಸಿ

ಪ್ರತಿ ಬಾರಿ ಸ್ಟ್ರಾಡಲ್ ಲೆಕ್ಕ ಹಾಕಲು ಸಮಯವಿಲ್ಲದವರಿಗೆ ಇಂಡಿಯಾ ವಿಕ್ಸ್ ಇದೆ. 2008ರಿಂದ ಎನ್‌ಎಸ್‌ಇ ಪ್ರಕಟಿಸುತ್ತಿರುವ ಈ ಸೂಚ್ಯಂಕವು ನಿಫ್ಟಿ ಆಪ್ಷನ್‌ಗಳ ದರದಿಂದ ಮುಂದಿನ 30 ದಿನಗಳ ನಿರೀಕ್ಷಿತ ಏರಿಳಿತವನ್ನು ವಾರ್ಷಿಕ ಶೇಕಡಾವಾರಿನಲ್ಲಿ ಹೇಳುತ್ತದೆ. ವಿಕ್ಸ್ 13 ಎಂದರೆ 15.87ರಿಂದ ಭಾಗಿಸಿ ದಿನಕ್ಕೆ ಶೇ 0.82, ಅಂದರೆ ಸುಮಾರು 205 ಅಂಶ. ವಿಕ್ಸ್ 20 ಎಂದರೆ ದಿನಕ್ಕೆ ಶೇ 1.26, ಸುಮಾರು 315 ಅಂಶ. ತಿಂಗಳಿಗೆ ಬೇಕಾದರೆ 3.46ರಿಂದ ಭಾಗಿಸಿ. ದಿನದ ಅಂಕಿಯ ಬಾಯಿಲೆಕ್ಕಕ್ಕೆ 16ರಿಂದ ಭಾಗಿಸಿದರೂ ಸಾಕು.

ಮಾರುಕಟ್ಟೆ ಕುಸಿಯುವಾಗ ವಿಕ್ಸ್ ಏರುವುದು, ಏರುವಾಗ ಇಳಿಯುವುದು ರೂಢಿ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು ಶೇ 13 ಕುಸಿಯಿತು, ಆ ವಾರದಲ್ಲಿ ವಿಕ್ಸ್ 80 ದಾಟಿತು. 80 ಎಂದರೆ ದಿನಕ್ಕೆ ಶೇ 5ರ ಅಲುಗಾಟದ ನಿರೀಕ್ಷೆ. ಅಷ್ಟು ಎತ್ತರದಲ್ಲಿ ವಿಕ್ಸ್ ಬಹುಕಾಲ ನಿಲ್ಲಲಾರದು, ನಿಧಾನವಾಗಿ ತನ್ನ ಎಂದಿನ ಮಟ್ಟಕ್ಕೆ ಮರಳುತ್ತದೆ. ಆದರೆ ಮರಳುವ ಮುನ್ನ ಇನ್ನೂ ಏರಬಹುದು, ಎಷ್ಟು ದಿನ ಎಂಬುದಕ್ಕೆ ಲೆಕ್ಕವಿಲ್ಲ.

ಹಂತ 5: ಘಟನೆಯ ದಿನವನ್ನು ಬೇರ್ಪಡಿಸಿ

ಕೇಂದ್ರ ಬಜೆಟ್, ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯ ಸಭೆ, ಚುನಾವಣೆಯ ಫಲಿತಾಂಶ, ಕಂಪನಿಯ ತ್ರೈಮಾಸಿಕ ಫಲಿತಾಂಶ ಇಂಥವುಗಳ ದಿನಾಂಕ ಮೊದಲೇ ಗೊತ್ತಿರುತ್ತದೆ, ಫಲ ಗೊತ್ತಿರುವುದಿಲ್ಲ. ನಮ್ಮ ಭಾಗದ ರೈತರಿಗೆ ಈ ಬಗೆಯ ಅನಿಶ್ಚಿತತೆ ಹೊಸದಲ್ಲ. ಜೂನ್ ಮೊದಲ ವಾರದಲ್ಲಿ ಕನ್ನಂಬಾಡಿ 124.80 ಅಡಿ ಮುಟ್ಟುತ್ತದೆಯೇ ಎಂದು ಕೇಳಿದರೆ ಉತ್ತರಗಳು ಹರಡಿಕೊಂಡಿರುತ್ತವೆ. 2023ರಲ್ಲಿ ತುಂಬಲೇ ಇಲ್ಲ, 2025ರಲ್ಲಿ ಜೂನ್ ಮುಗಿಯುವಷ್ಟರಲ್ಲೇ ತುಂಬಿತು. ಕೊಡಗಿನ ಮಳೆಯ ಸುದ್ದಿ ಬಂದಂತೆ ಆ ಹರವು ಕಿರಿದಾಗುತ್ತದೆ, ಕ್ರೆಸ್ಟ್ ಗೇಟ್ ತೆರೆದ ದಿನ ಊಹೆಗೆ ಎಡೆಯೇ ಉಳಿಯುವುದಿಲ್ಲ. ಆಪ್ಷನ್ ದರದೊಳಗಿನ ನಿರೀಕ್ಷೆಯೂ ಹಾಗೆಯೇ: ಫಲ ತಿಳಿದ ಕ್ಷಣ ಕುಗ್ಗುತ್ತದೆ. ಒಳ್ಳೆಯ ಫಲವಾದರೂ ಕುಗ್ಗುತ್ತದೆ, ಕೆಟ್ಟ ಫಲವಾದರೂ ಕುಗ್ಗುತ್ತದೆ.

ಘಟನೆಯ ದಿನಕ್ಕಾಗಿ ಮಾರುಕಟ್ಟೆ ಎಷ್ಟು ಅಲುಗಾಟವನ್ನು ಮೀಸಲಿಟ್ಟಿದೆ ಎಂದು ಹೀಗೆ ಲೆಕ್ಕ ಹಾಕಬಹುದು. ಎಕ್ಸ್‌ಪೈರಿಗೆ ಐದು ವಹಿವಾಟಿನ ದಿನಗಳಿವೆ, ಅವುಗಳಲ್ಲಿ ಮೊದಲನೆಯದು ಘಟನೆಯ ದಿನ, ಐವಿ ಶೇ 18 ಎಂದಿರಲಿ. 15.87ರಿಂದ ಭಾಗಿಸಿದರೆ ದಿನದ ಸರಾಸರಿ ಶೇ 1.134; ಅದರ ವರ್ಗ 1.286, ಐದು ದಿನಕ್ಕೆ 6.43. ಮಾಮೂಲಿ ದಿನದ ಅಲುಗಾಟ ಶೇ 0.8 ಎಂದು ನಿಮ್ಮ ದಾಖಲೆ ಹೇಳುತ್ತಿದ್ದರೆ, ಅದರ ವರ್ಗ 0.64, ನಾಲ್ಕು ದಿನಕ್ಕೆ 2.56. ಕಳೆದರೆ ಘಟನೆಯ ದಿನದ ಪಾಲು 3.87, ವರ್ಗಮೂಲ 1.97. ಅಂದರೆ ಆ ಒಂದು ದಿನಕ್ಕೆ ಸುಮಾರು ಶೇ 2, ಅಂಶಗಳಲ್ಲಿ ಹೇಳುವುದಾದರೆ 490. ಏರಿಳಿತಗಳನ್ನು ನೇರವಾಗಿ ಕೂಡಬಾರದು, ವರ್ಗಗಳನ್ನು ಮಾತ್ರ ಕೂಡಬೇಕು ಎಂಬುದನ್ನು ಮರೆಯದಿರಿ.

ಈ ಲೆಕ್ಕ ಗೊತ್ತಿಲ್ಲದೆ ಬಜೆಟ್‌ನ ಹಿಂದಿನ ದಿನ ಕಾಲ್ ಕೊಂಡವನಿಗೆ ಏನಾಗುತ್ತದೆ ನೋಡೋಣ. ಬಡ್ಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ಮೇಲಿನ ಅಂಕಿಗಳಲ್ಲಿ 25,000 ಸ್ಟ್ರೈಕ್‌ನ ಕಾಲ್ ಸುಮಾರು 254ಕ್ಕೆ ಸಿಗುತ್ತದೆ. ಬಜೆಟ್ ಮುಗಿದು ನಿಫ್ಟಿ 100 ಅಂಶ ಏರಿ 25,100ಕ್ಕೆ ಮುಗಿಯುತ್ತದೆ. ಅವನ ಊಹೆ ಸರಿಯಾಗಿದೆ. ಆದರೆ ಈಗ ಉಳಿದಿರುವುದು ನಾಲ್ಕು ಮಾಮೂಲಿ ದಿನಗಳು. ಐವಿ 18ರಿಂದ 12.7ಕ್ಕೆ ಇಳಿದಿದೆ. ಅದೇ ಕಾಲ್ ಈಗ ಸುಮಾರು 215. ಒಂದು ಲಾಟ್‌ಗೆ 2,535 ರೂಪಾಯಿ ನಷ್ಟ, ಅದರ ಮೇಲೆ ದಲ್ಲಾಳಿ ಶುಲ್ಕ ಮತ್ತು ತೆರಿಗೆ. ಮಾರುಕಟ್ಟೆ ಮೋಸ ಮಾಡಿತು ಎಂದು ಬೇಸರಪಡುವ ಅನೇಕರ ಕಥೆ ಇದೇ: 490 ಅಂಶದ ಅಲುಗಾಟಕ್ಕೆ ದರ ಕೊಟ್ಟು, 100 ಅಂಶದ ಅಲುಗಾಟವನ್ನು ಪಡೆದಿರುತ್ತಾರೆ.

ಇದರ ವಿರುದ್ಧದ ನಿದರ್ಶನವೂ ಹತ್ತಿರದಲ್ಲೇ ಇದೆ. 2024ರ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳ ಬಳಿಕ ಜೂನ್ 3ರಂದು ನಿಫ್ಟಿ ಶೇ 3ಕ್ಕೂ ಹೆಚ್ಚು ಏರಿತು. ಎಣಿಕೆಯ ದಿನವಾದ ಜೂನ್ 4ರಂದು ಸುಮಾರು ಶೇ 5.9 ಕುಸಿಯಿತು, ಮರುದಿನ ಮತ್ತೆ ಶೇ 3ಕ್ಕೂ ಹೆಚ್ಚು ಚೇತರಿಸಿತು. ಎಣಿಕೆಯ ದಿನ 25ರ ಮೇಲೆ ಮುಗಿದಿದ್ದ ವಿಕ್ಸ್ ಜೂನ್ 5ರಂದು 20ಕ್ಕಿಂತ ಕೆಳಗೆ ಬಂದಿತು. ಏರಿಳಿತ ಮಾರಿದವರಿಗೆ ಜೂನ್ 4 ಎಂಥ ದಿನವಾಗಿತ್ತೆಂದರೆ, ಮಾರನೆಯ ದಿನ ನಿರೀಕ್ಷೆ ಕುಗ್ಗಿದ್ದರ ಲಾಭ ಪಡೆಯಲು ಅವರಲ್ಲಿ ಮಾರ್ಜಿನ್ (ಬ್ರೋಕರ್ ಬಳಿ ಇಡಬೇಕಾದ ಭದ್ರತಾ ಹಣ) ಉಳಿದಿರಬೇಕಾಗಿತ್ತು.

ಹಂತ 6: ದೂರದ ಸ್ಟ್ರೈಕ್‌ಗಳನ್ನು ಓದಿ

ಒಂದೇ ಎಕ್ಸ್‌ಪೈರಿಯ ಬೇರೆ ಬೇರೆ ಸ್ಟ್ರೈಕ್‌ಗಳ ಐವಿ ಒಂದೇ ಆಗಿರುವುದಿಲ್ಲ. 25,000ದ ಐವಿ 13 ಇರುವಾಗ 24,000ದ ಪುಟ್‌ನ ಐವಿ ಅದಕ್ಕಿಂತ ಎದ್ದು ಕಾಣುವಷ್ಟು ಮೇಲಿರಬಹುದು. 1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಜೋನ್ಸ್ ಸೂಚ್ಯಂಕ ಒಂದೇ ದಿನ ಶೇ 22.6 ಕುಸಿದ ಮೇಲೆ ಸೂಚ್ಯಂಕ ಆಪ್ಷನ್‌ಗಳಲ್ಲಿ ಈ ಓರೆ ಸ್ಥಿರವಾಗಿ ನೆಲೆಸಿತು. ಏರಿಕೆ ಸಾಮಾನ್ಯವಾಗಿ ನಿಧಾನ, ಕುಸಿತ ಹಠಾತ್ ಎಂಬ ಅನುಭವಕ್ಕೆ ಕಟ್ಟಿದ ದರ ಅದು. ಷೇರು ಹಿಡಿದಿರುವ ದೊಡ್ಡ ಸಂಸ್ಥೆಗಳು ರಕ್ಷಣೆಗಾಗಿ ಪುಟ್ ಕೊಳ್ಳುವುದರಿಂದಲೂ ಆ ದರ ಮೇಲೇರುತ್ತದೆ. ಹಾಗಾಗಿ ಪುಟ್‌ಗಳು ದುಬಾರಿಯಾಗಿರುವುದನ್ನೇ ಕುಸಿತದ ಮುನ್ಸೂಚನೆ ಎಂದು ಓದಬಾರದು. ಈ ವಾರದ ಓರೆ ಕಳೆದ ವಾರಗಳಿಗಿಂತ ಕಡಿದಾಗಿದೆಯೇ ಎಂದು ಮಾತ್ರ ನೋಡಬೇಕು.

ಇಲ್ಲೇ ಇನ್ನೊಂದು ಎಚ್ಚರಿಕೆ. ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಒಳಗೆ ಮೂರರಲ್ಲಿ ಎರಡು ಬಾರಿ ಬೆಲೆ ಉಳಿಯುತ್ತದೆ ಎಂಬ ಪಠ್ಯಪುಸ್ತಕದ ಮಾತು ಮಾರುಕಟ್ಟೆಯಲ್ಲಿ ಸ್ಥೂಲವಾಗಿ ನಿಜ, ಆದರೆ ಅತಿದೊಡ್ಡ ಚಲನೆಗಳು ಆ ಲೆಕ್ಕ ಹೇಳುವುದಕ್ಕಿಂತ ಬಹಳ ಹೆಚ್ಚು ಬಾರಿ ಬರುತ್ತವೆ. ಸೂತ್ರ ಅಸಾಧ್ಯವೆಂದು ಬದಿಗಿಟ್ಟದ್ದೂ ನಡೆದುಬಿಡುತ್ತದೆ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾತೈಲದ ಮೇ ಫ್ಯೂಚರ್ಸ್ ಸೊನ್ನೆಗಿಂತ ಕೆಳಗಿಳಿದು ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು, ನಮ್ಮ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್‌ನಲ್ಲಿ ಏಪ್ರಿಲ್ ಕರಾರು ಮೈನಸ್ 2,884 ರೂಪಾಯಿಗೆ ಇತ್ಯರ್ಥವಾಯಿತು. ದರ ಸೊನ್ನೆಗಿಂತ ಕೆಳಗಿಳಿಯಲಾರದು ಎಂದು ನಂಬಿ ಕೊಂಡವರು ತಾವು ತೊಡಗಿಸಿದ್ದಕ್ಕಿಂತ ಹೆಚ್ಚನ್ನು ಕೊಡಬೇಕಾಗಿ ಬಂತು.

ಹಂತ 7: ಹಣದ ಮಿತಿಯನ್ನು ಮೊದಲೇ ನಿಗದಿಪಡಿಸಿ

360ರ ಸ್ಟ್ರಾಡಲ್ ಮಾರಿದವನಿಗೆ ಒಂದು ಲಾಟ್‌ಗೆ 23,400 ರೂಪಾಯಿ ಸಿಗುತ್ತದೆ. ವಾರ ಶಾಂತವಾಗಿ ಕಳೆದರೆ ಅದರ ಬಹುಭಾಗ ಅವನದು. ಹೀಗೆ ಹಲವು ವಾರ ನಡೆದರೆ ಅದು ಮಾಸಿಕ ಆದಾಯದಂತೆ ತೋರತೊಡಗುತ್ತದೆ. ಆದರೆ ಜೂನ್ 4ರಂಥ ಶೇ 5.9ರ ಕುಸಿತ ಬಂದರೆ ಅದು 1,475 ಅಂಶ. ಪಡೆದ 360 ಕಳೆದರೂ 1,115 ಅಂಶ, ಒಂದು ಲಾಟ್‌ಗೆ 72,475 ರೂಪಾಯಿ ನಷ್ಟ. ಆ ಕ್ಷಣದಲ್ಲೇ ಮಾರ್ಜಿನ್ ಏರುತ್ತದೆ, ತುಂಬಲು ಹಣವಿಲ್ಲದಿದ್ದರೆ ಬ್ರೋಕರ್ ಅತಿ ಕೆಟ್ಟ ದರದಲ್ಲೇ ವ್ಯವಹಾರ ಮುಚ್ಚುತ್ತಾನೆ. ಪಿಂಚಣಿಯ ಗಂಟನ್ನು ಒತ್ತೆಯಿಟ್ಟು ಆಪ್ಷನ್ ಮಾರುವುದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮಾರಲೇಬೇಕು ಎನ್ನುವವರು ಪ್ರತಿ ಮಾರಾಟದ ಜೊತೆಗೆ ಇನ್ನೂ ದೂರದ ಸ್ಟ್ರೈಕ್ ಒಂದನ್ನು ಕೊಂಡು, ಗರಿಷ್ಠ ನಷ್ಟ ಎಷ್ಟೆಂದು ಮೊದಲೇ ಕಟ್ಟಿಹಾಕಬೇಕು.

ಕೊಳ್ಳುವವರ ಸ್ಥಿತಿಯೂ ಹಿತವಾಗಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆ ನಿಯಂತ್ರಕ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ತೊಡಗಿದ ವ್ಯಕ್ತಿಗಳಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು. ಇದರ ಬೆನ್ನಲ್ಲೇ ಸೆಬಿ ಕರಾರಿನ ಕನಿಷ್ಠ ಗಾತ್ರವನ್ನು 15 ಲಕ್ಷ ರೂಪಾಯಿಗೆ ಏರಿಸಿತು, ಪ್ರತಿ ಎಕ್ಸ್‌ಚೇಂಜ್‌ಗೆ ಒಂದೇ ಸೂಚ್ಯಂಕದ ವಾರದ ಎಕ್ಸ್‌ಪೈರಿ ಎಂದು ಮಿತಿ ಹಾಕಿತು. ಈ ಅಂಕಿಗಳನ್ನು ಓದಿಯೂ ಮುಂದುವರಿಯುವವರು ವರ್ಷಕ್ಕೆ ಎಷ್ಟು ಹಣ ಪೂರ್ತಿ ಹೋದರೂ ಮನೆಯ ಖರ್ಚು, ಮಕ್ಕಳ ಫೀಸು, ಸಾಲದ ಕಂತು ನಿಲ್ಲುವುದಿಲ್ಲವೋ ಅಷ್ಟನ್ನು ಮಾತ್ರ ಬೇರೆ ಖಾತೆಯಲ್ಲಿಟ್ಟು, ಅದರ ಸಣ್ಣ ಪಾಲನ್ನಷ್ಟೇ ಒಂದು ವ್ಯವಹಾರಕ್ಕೆ ತೊಡಗಿಸಬೇಕು. ಕಂಪನಿ ಷೇರುಗಳ ಆಪ್ಷನ್‌ಗಳು ಎಕ್ಸ್‌ಪೈರಿಯ ದಿನ ನಿಜವಾದ ಷೇರುಗಳ ವಿತರಣೆಯಲ್ಲಿ ಮುಗಿಯುತ್ತವೆ, ನಿಫ್ಟಿಯದು ನಗದಿನಲ್ಲಿ ಮುಗಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಕೊನೆಯ ದಿನದವರೆಗೆ ಕಾದರೆ, ಲಕ್ಷಾಂತರ ರೂಪಾಯಿಯ ಷೇರು ಕೊಳ್ಳುವ ಹೊಣೆ ಹೆಗಲೇರಬಹುದು.

ಹಂತ 8: ಸರಕು ಮಾರುಕಟ್ಟೆಗೆ ಇದೇ ಲೆಕ್ಕವನ್ನು ಅನ್ವಯಿಸಿ

ಮಂಡ್ಯದ ಓದುಗರು ಕೇಳಬಹುದಾದ ಪ್ರಶ್ನೆ: ನಾವು ಬೆಳೆಯುವುದಕ್ಕೆ ಇದು ಉಪಯೋಗವೇ? ಭತ್ತದ ಮಟ್ಟಿಗೆ ಸದ್ಯ ಇಲ್ಲ ಎಂದೇ ಹೇಳಬೇಕು. 2021ರ ಡಿಸೆಂಬರ್‌ನಲ್ಲಿ ಸೆಬಿ ಬಾಸ್ಮತಿಯಲ್ಲದ ಭತ್ತ, ಗೋಧಿ, ಕಡಲೆ, ಹೆಸರು ಮುಂತಾದ ಏಳು ಕೃಷಿ ಸರಕುಗಳ ಡೆರಿವೇಟಿವ್ (ಫ್ಯೂಚರ್ಸ್, ಆಪ್ಷನ್) ವಹಿವಾಟನ್ನು ಅಮಾನತಿನಲ್ಲಿಟ್ಟಿತು, ಆ ಆದೇಶ ಮತ್ತೆ ಮತ್ತೆ ವಿಸ್ತರಣೆಯಾಯಿತು. ಕಬ್ಬಿಗೆ ಕಾರ್ಖಾನೆ ಕೊಡಬೇಕಾದ ಕನಿಷ್ಠ ದರವನ್ನು ಕೇಂದ್ರ ಸರ್ಕಾರ ನಿಗದಿಪಡಿಸುತ್ತದೆ. ಆಲೆಮನೆಯ ಬೆಲ್ಲಕ್ಕೆ ಆ ಆಸರೆಯಿಲ್ಲ, ಅದರ ದರ ಮಾರುಕಟ್ಟೆಯ ದಿನದಿನದ ಬೇಡಿಕೆಗೆ ಬಿಟ್ಟದ್ದು. ಬೆಳೆಗಾರನಿಗೆ ಬೆಲೆಯ ರಕ್ಷಣೆ ಅತ್ಯಗತ್ಯವಾಗಿರುವ ಕಡೆಯೇ ಈ ಸಾಧನ ದೊರೆಯದಿರುವುದು ನನಗೆ ನಿಜವಾಗಿಯೂ ಖೇದದ ಸಂಗತಿ.

ಚಿನ್ನದ ಮಾತು ಬೇರೆ. ಅಶೋಕ ರಸ್ತೆಯ ಆಭರಣದ ಅಂಗಡಿಯವರೊಬ್ಬರು ಮದುವೆಯ ಋತುವಿಗಾಗಿ ಚಿನ್ನ ಸಂಗ್ರಹಿಸಿಟ್ಟಿದ್ದಾರೆ, ದರ ಇಳಿದರೆ ಸಂಗ್ರಹದ ಮೌಲ್ಯ ಕುಗ್ಗುತ್ತದೆ ಎಂದುಕೊಳ್ಳೋಣ. ಎಂಸಿಎಕ್ಸ್‌ನ ಗೋಲ್ಡ್ ಮಿನಿ ಫ್ಯೂಚರ್ಸ್ 100 ಗ್ರಾಂ ಗಾತ್ರದ್ದು. ಅದನ್ನು ಮಾರಿದರೆ ಅಂಗಡಿಯ ನಷ್ಟವನ್ನು ಅಲ್ಲಿನ ಲಾಭ ತುಂಬುತ್ತದೆ, ಆದರೆ ದರ ಏರಿದರೆ ಪ್ರತಿದಿನ ನಗದು ತುಂಬುತ್ತಾ ಹೋಗಬೇಕು, ಆ ನಗದು ಹೊಂದಿಸುವ ಶಕ್ತಿ ಇರಬೇಕು. ಪುಟ್ ಕೊಂಡರೆ ಆ ಹೊರೆ ಇಲ್ಲ, ಪ್ರೀಮಿಯಂ ಮಾತ್ರ ಖರ್ಚು. ಯಾವುದನ್ನು ಆರಿಸಬೇಕು ಎಂಬುದನ್ನು ಹಂತ 3ರ ಲೆಕ್ಕ ಹೇಳುತ್ತದೆ: ಐವಿ ಎಂದಿನ ಮಟ್ಟದಲ್ಲಿದ್ದರೆ ಪುಟ್, ಭಯದಿಂದ ಏರಿ ನಿಂತಿದ್ದರೆ ಫ್ಯೂಚರ್ಸ್ ಅಥವಾ ಸಂಗ್ರಹವನ್ನೇ ಕಡಿಮೆ ಮಾಡುವುದು. ಎಂಸಿಎಕ್ಸ್‌ನಲ್ಲಿ ಲಾಭದಲ್ಲಿರುವ ಆಪ್ಷನ್ ಎಕ್ಸ್‌ಪೈರಿಯ ದಿನ ಫ್ಯೂಚರ್ಸ್ ಆಗಿ ಬದಲಾಗುವುದರಿಂದ, ಅದಕ್ಕಿಂತ ಮೊದಲೇ ಮಾರಿ ಹೊರಬರುವುದು ಸುರಕ್ಷಿತ. ಮಗಳ ಮದುವೆಗೆ ನಾಲ್ಕು ಬಳೆ ಮಾಡಿಸಬೇಕಾದ ಕುಟುಂಬಕ್ಕೆ ಇದಾವುದೂ ಬೇಡ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವಾಗಿ ಕೊಳ್ಳುವುದೇ ಅವರಿಗೆ ಸಾಕಷ್ಟು ರಕ್ಷಣೆ.

ಹಂತ 9: ನಿರೀಕ್ಷೆ ಮತ್ತು ನಡೆದದ್ದರ ದಾಖಲೆ ಇಡಿ

ನೋಟ್‌ಬುಕ್‌ನಲ್ಲಿ ಆರು ಕಾಲಂ ಎಳೆಯಿರಿ: ದಿನಾಂಕ, ನಿಫ್ಟಿ, ಏಳು ದಿನದ ಸ್ಟ್ರಾಡಲ್ ದರ, ಅದನ್ನು 0.8ರಿಂದ ಭಾಗಿಸಿದ ಅಂಕಿ, ಎಕ್ಸ್‌ಪೈರಿಯ ದಿನದ ಹೊತ್ತಿಗೆ ನಿಫ್ಟಿ ನಿಜವಾಗಿ ಚಲಿಸಿದ ದೂರ, ಆ ವಾರದ ಘಟನೆ. ಹಣ ತೊಡಗಿಸುವ ಮೊದಲು ಕನಿಷ್ಠ ಆರು ತಿಂಗಳು ಇದನ್ನು ತುಂಬಿ. ಐದನೇ ಕಾಲಂ ನಾಲ್ಕನೆಯದಕ್ಕಿಂತ ಕಡಿಮೆ ಇರುವ ವಾರಗಳು ಮೂರರಲ್ಲಿ ಎರಡರಷ್ಟಿದ್ದರೆ ಮಾರುಕಟ್ಟೆಯ ಅಂದಾಜು ಸರಿಯಾಗಿಯೇ ಇದೆ, ಕೊಳ್ಳುವುದರಲ್ಲೂ ಮಾರುವುದರಲ್ಲೂ ನಿಮಗೆ ವಿಶೇಷ ಅನುಕೂಲವಿಲ್ಲ ಎಂದು ಅರ್ಥ. ಐದರಲ್ಲಿ ನಾಲ್ಕರಷ್ಟಿದ್ದರೆ ಆ ಅವಧಿಯಲ್ಲಿ ಆಪ್ಷನ್‌ಗಳು ದುಬಾರಿಯಾಗಿದ್ದವು; ಅರ್ಧದಷ್ಟೇ ಇದ್ದರೆ ಅಗ್ಗವಾಗಿದ್ದವು.

ವ್ಯವಹಾರ ಆರಂಭಿಸಿದ ಮೇಲೆ ಏಳನೇ ಕಾಲಂ ಒಂದನ್ನು ಸೇರಿಸಿ, ಪ್ರತಿ ವ್ಯವಹಾರದಲ್ಲಿ ದಿಕ್ಕಿನಿಂದ ಬಂದ ಲಾಭನಷ್ಟ ಎಷ್ಟು, ಐವಿ ಬದಲಾದದ್ದರಿಂದ ಎಷ್ಟು, ದಿನ ಕಳೆದದ್ದರಿಂದ ಎಷ್ಟು ಎಂದು ಬ್ರೋಕರ್‌ನ ಆಪ್ ಇವಕ್ಕೆ ಕ್ರಮವಾಗಿ ತೋರಿಸುವ ಡೆಲ್ಟಾ, ವೇಗಾ, ಥೀಟಾ ಅಂಕಿಗಳ ಸಹಾಯದಿಂದ ಸ್ಥೂಲವಾಗಿ ಬಿಡಿಸಿ ಬರೆಯಿರಿ. ಫ್ಯೂಚರ್ಸ್ ಮತ್ತು ಆಪ್ಷನ್ ಆದಾಯವನ್ನು ಆದಾಯ ತೆರಿಗೆ ಇಲಾಖೆ ವ್ಯಾಪಾರದ ಆದಾಯ ಎಂದು ಪರಿಗಣಿಸುವುದರಿಂದ, ನಷ್ಟವಾದ ವರ್ಷದಲ್ಲೂ ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯಬಹುದು. ಲೆಕ್ಕಪರಿಶೋಧಕರ ಬಳಿ ಹೋಗುವಾಗ ಬ್ರೋಕರ್ ಕೊಡುವ ವಾರ್ಷಿಕ ವರದಿಯ ಜೊತೆ ಈ ನೋಟ್‌ಬುಕ್ಕನ್ನೂ ಒಯ್ಯಿರಿ.